ನಂದಿಯಿಂದ ಕಡಲೂರಿನವರೆಗೆ: ನಮ್ಮ ದಕ್ಷಿಣ ಪಿನಾಕಿನಿ

ಐದನೆಯ ತರಗತಿಯಲ್ಲಿ ನದಿಯ ಪಾಠ ನಡೆದಿತ್ತು. ಬೆಟ್ಟದಲ್ಲಿ ಹುಟ್ಟಿ ಬಯಲಲ್ಲಿ ಹರಿದು ಕಡಲನ್ನು ಸೇರುವುದೇ ನದಿ ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಹುಡುಗನೊಬ್ಬ ಎದ್ದು, “ಮೇಷ್ಟ್ರೇ, ಬೇಸಗೇಲಿ ಬೆಟ್ಟದ ಮೇಲೆ ಮಳೆಯೇ ಇಲ್ಲ. ಮತ್ತೆ ಕೆಲವರಪಳ್ಳಿಗೆ ನೀರು ಎಲ್ಲಿಂದ ಬರ್ತದೆ?” ಎಂದು ಕೇಳಿದನು. ಪಾಠದ ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ಆದರೆ ಆ ನೀರನ್ನು ಹೊಲಕ್ಕೆ ಹಾಯಿಸುವ ರೈತ ಬಾಂಧವರು ಉತ್ತರವನ್ನು ಅರಿತಿರಬೇಕು.

ಮೊದಲು ನದಿಯ ದಾರಿಯನ್ನು ನೋಡೋಣ. ತಮಿಳಿನಲ್ಲಿ ತೆನ್‌ಪೆಣ್ಣೈ ಎಂದು ಕರೆಯುವ ದಕ್ಷಿಣ ಪಿನಾಕಿನಿಯು ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುತ್ತದೆ. ಹೊಸಕೋಟೆಯ ದೊಡ್ಡ ಕೆರೆಯನ್ನು ತುಂಬಿಸಿ, ಬಾಗಲೂರು ಕಡೆಯಿಂದ ನಮ್ಮ ಸೀಮೆಯನ್ನು ಪ್ರವೇಶಿಸುತ್ತದೆ. ಹೊಸೂರಿನ ಬಳಿ ಕೆಲವರಪಳ್ಳಿ ಅಣೆಕಟ್ಟು; ಅದರ ಪೂರ್ಣಮಟ್ಟ 44.28 ಅಡಿ. ಅಲ್ಲಿಂದ ಮುಂದೆ ನೆಲವೇ ಇಳಿಜಾರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಹೊಸೂರಿನಿಂದ 500 ಮೀಟರಿನ ಕೃಷ್ಣಗಿರಿಗೆ ಇಳಿಯುವ ಈ ಮೆಟ್ಟಿಲಿನ ಮೇಲೆಯೇ ನಮ್ಮ ಸೂಳಗಿರಿ ಇರುವುದು.

ಇಲ್ಲಿ ಒಂದು ಸ್ವಾರಸ್ಯವಿದೆ. ನಮ್ಮ ಜಿಲ್ಲೆಯಲ್ಲಿ ಚಿನ್ನಾರ್ ಎಂಬ ಹೆಸರಿನ ಹೊಳೆಗಳು ಎರಡು. ಸೂಳಗಿರಿಯ ಚಿನ್ನಾರ್ ಪಿನಾಕಿನಿಯನ್ನು ಸೇರಿದರೆ, ಸನತ್ಕುಮಾರ ನದಿಯೆಂದೂ ಹೆಸರುಳ್ಳ ಪಂಚಪಳ್ಳಿ ಕಡೆಯ ಚಿನ್ನಾರ್ ಹೊಗೇನಕಲ್ಲಿನ ಬಳಿ ಕಾವೇರಿಯನ್ನು ಸೇರುತ್ತದೆ. ನಡುವಣ ದಿಣ್ಣೆಯ ಈ ಕಡೆ ಬಿದ್ದ ಹನಿ ಕಡಲೂರಿಗೆ, ಆ ಕಡೆ ಬಿದ್ದದ್ದು ಕಾವೇರಿಗೆ! ಮಕ್ಕಳಿಗೆ ಇದನ್ನು ದಿಣ್ಣೆಯ ಮೇಲೆ ನಿಲ್ಲಿಸಿಯೇ ತೋರಿಸಬೇಕು.

1957ರಲ್ಲಿ ಕಟ್ಟಿದ 52 ಅಡಿಯ ಕೃಷ್ಣಗಿರಿ ಅಣೆಯನ್ನು ದಾಟಿ, ಕಾವೇರಿಪಟ್ಟಣದ ಗದ್ದೆಗಳಿಗೆ ನೀರೂಡಿ, ಜವ್ವಾದಿ ಮತ್ತು ಕಲ್ವರಾಯನ್ ಬೆಟ್ಟಗಳ ನಡುವೆ ನುಸುಳಿ, 119 ಅಡಿಯ ಸಾತನೂರು ಅಣೆಗೆ ನದಿ ಬರುತ್ತದೆ. ಆಮೇಲೆ ತಿರುಕೋವಿಲೂರು, ಕೊನೆಗೆ ಕಡಲೂರಿನ ಬಳಿ ಬಂಗಾಳ ಕೊಲ್ಲಿ. ಒಟ್ಟು 400 ಕಿಲೋಮೀಟರಿಗೂ ಮೀರಿದ ಪಯಣ. ಮೇಲಿನ ಭಾಗಕ್ಕೆ ಮುಂಗಾರು ನೀರು ಕೊಟ್ಟರೆ, ಕೆಳಭಾಗಕ್ಕೆ ಹಿಂಗಾರೇ ಮುಖ್ಯ. 2024ರ ಡಿಸೆಂಬರ್ ಮೊದಲಲ್ಲಿ ಫೆಂಜಲ್ ಚಂಡಮಾರುತದಿಂದ ಊತಂಗರೆಯಲ್ಲಿ ಒಂದೇ ದಿನಕ್ಕೆ 50 ಸೆಂಟಿಮೀಟರ್ ಮಳೆ ಸುರಿಯಿತು. ಸಾತನೂರಿನಿಂದ ಸೆಕೆಂಡಿಗೆ 1,68,000 ಘನ ಅಡಿ ನೀರನ್ನು ಬಿಡಬೇಕಾಗಿ ಬಂದು ಕೆಳಗಿನ ಊರುಗಳು ಜಲಾವೃತವಾದುವು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಬೇಸಗೆಯಲ್ಲಿ ನಮಗೆ ಬರುವ ನೀರಿನ ಬಹುಪಾಲು ನಂದಿಯದಲ್ಲ, ಬೆಂಗಳೂರಿನದು. ನಗರದ ಬಚ್ಚಲ ನೀರು ಬೆಳ್ಳಂದೂರು, ವರ್ತೂರು ಕೆರೆಗಳಿಗೆ ಹರಿದು, ಅಲ್ಲಿಂದ ಪಿನಾಕಿನಿಗೆ ಇಳಿಯುತ್ತದೆ. ಕೆಲವರಪಳ್ಳಿಯ ಬಾಗಿಲು ತೆರೆದಾಗ ಏಳುವ ಬಿಳಿ ನೊರೆಯನ್ನು ಕಂಡವರಿಗೆ ಬೇರೆ ಸಾಕ್ಷಿ ಬೇಡ. ಬಟ್ಟೆ ತೊಳೆದ ಸಾಬೂನಿನ ಅಂಶವಿರುವ ನೀರು ಮೇಲಿನಿಂದ ಧುಮುಕಿ ಗಾಳಿಯೊಡನೆ ಕಲೆತರೆ ನೊರೆಯಾಗದೆ ಇನ್ನೇನು? ಮೊದಲು ಬತ್ತುತ್ತಿದ್ದ ಹೊಳೆ ಈಗ ಬತ್ತದು ಎಂದು ಹಿಗ್ಗುವವರೂ ಇದ್ದಾರೆ. ಅವರ ಹಿಗ್ಗಿನಲ್ಲಿ ನನಗೆ ಪಾಲಿಲ್ಲ.

ನನ್ನ ಭಾವನವರ ಹೊಲ ಈ ಕಾಲುವೆಯ ಕೆಳಗಿದೆ. ಒಂದು ಬೇಸಗೆಯಲ್ಲಿ ಅವರು ಟೊಮೇಟೊಗೆ ಕಾಲುವೆ ನೀರು ಹಾಯಿಸಿ, ವಾಡಿಕೆಯಂತೆ ಯೂರಿಯವನ್ನೂ ಹಾಕಿದರು. ಗಿಡ ಎದೆಮಟ್ಟ ಬೆಳೆದು ಕಪ್ಪುಹಸಿರಾಗಿ ಸೊಕ್ಕಿತು. ಹೂ ಉದುರಿತು, ಕಾಯಿ ಬುಟ್ಟಿ ತುಂಬಲಿಲ್ಲ. ಬಚ್ಚಲ ನೀರಿನಲ್ಲಿ ಸಾರಜನಕ ಮೊದಲೇ ಇರುತ್ತದೆ. ಮೇಲೆ ಯೂರಿಯ ಸುರಿದರೆ ಎಲೆಗೇ ಬಲ. ಮಣ್ಣು ಪರೀಕ್ಷೆ ಮಾಡಿಸಿ ಯೂರಿಯವನ್ನು ತಗ್ಗಿಸುವುದು ಲೇಸು.

ಕೊತ್ತಂಬರಿ, ಪುದೀನಾಗಳ ಮಾತು ಬೇರೆ. ನಮ್ಮ ಸೂಳಗಿರಿಯ ಸೊಪ್ಪು ದೂರದ ಸಂತೆಗಳಿಗೂ ಹೋಗುತ್ತದೆ. ಅದನ್ನು ಜನ ಹಸಿಯಾಗಿಯೇ ತಿನ್ನುತ್ತಾರೆ. ಮಡಿಯಲ್ಲಿ ನಿಂತ ನೀರು ಸೊಪ್ಪಿಗೆ ತಾಕುವುದರಿಂದ ಬಚ್ಚಲ ನೀರಿನ ರೋಗಾಣುಗಳೂ ಅಂಟುತ್ತವೆ. ಇದಕ್ಕೆ ಬಾವಿ ನೀರನ್ನೇ ಮೀಸಲಿಡಿ; ಕಾಲುವೆ ನೀರು ಕೋಲು ಕೊಟ್ಟು ಕಟ್ಟಿದ ಟೊಮೇಟೊದ ಸಾಲಿಗೆ, ಗುಲಾಬಿಗೆ, ಮೇವಿನ ಜೋಳಕ್ಕೆ ಹೋಗಲಿ. ಬಾವಿಯಿಲ್ಲದವರು ಕೊಯ್ಲಿಗೆ ಕೆಲವು ದಿನ ಮೊದಲೇ ಕಾಲುವೆ ನೀರನ್ನು ನಿಲ್ಲಿಸಬೇಕು. ನೀರು ಕಟ್ಟುವವರು ಬರಿಗಾಲಲ್ಲಿ ಇಳಿಯಬಾರದು. ಭಾವನವರ ಕಾಲಿನ ನವೆ ಗುಣವಾಗಲು ಎರಡು ತಿಂಗಳು ಹಿಡಿಯಿತು.