ಕನ್ನಡ ಟೈಪಿಸುವ ಕೈಗೆ ಎಂಥ ಕೀಲಿಮಣೆ?

ಹಂದನಕೆರೆ ಎಂಬ ಹೆಸರನ್ನು ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಟೈಪ್ ಮಾಡಿ ನೋಡಬೇಕು. ಹ ಬಲಗೈಗೆ, ಸೊನ್ನೆ ಎಡಗೈಗೆ, ದ ಬಲಕ್ಕೆ, ನ ಎಡಕ್ಕೆ, ಕ ಬಲಕ್ಕೆ, ಎತ್ವ ಎಡಕ್ಕೆ, ರ ಬಲಕ್ಕೆ, ಕೊನೆಯ ಎತ್ವ ಮತ್ತೆ ಎಡಕ್ಕೆ. ಎಂಟು ಕೀಲಿಯಲ್ಲಿ ಹೆಸರು ಮುಗಿಯಿತು. ಶಿಫ್ಟ್ ಕೀಲಿಯನ್ನು ಒಮ್ಮೆಯೂ ಮುಟ್ಟಬೇಕಾಗಿಲ್ಲ. ಒಂದು ಕೈ ಒತ್ತುತ್ತಿರುವಾಗಲೇ ಇನ್ನೊಂದು ಕೈ ಮುಂದಿನ ಕೀಲಿಯ ಮೇಲೆ ಹೋಗಿ ಕೂತಿರುತ್ತದೆ. ಬೆರಳಿಗೆ ಇದಕ್ಕಿಂತ ಹಿತವಾದ ನಡೆ ಸಿಗುವುದು ಕಷ್ಟ. ಇದೇ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಣೆಯಂತೆ ಬರೆದು ಕನ್ನಡಕ್ಕೆ ತಿರುಗಿಸಿಕೊಳ್ಳುವ ಪದ್ಧತಿಯಲ್ಲಿ ಹನ್ನೊಂದು ಕೀಲಿ ಒತ್ತಬೇಕು. ವ್ಯಂಜನದೊಳಗೆ ತಾನಾಗಿಯೇ ಇರುವ ಅಕಾರವನ್ನು ಅಲ್ಲಿ ಪ್ರತಿ ಸಲ ಬೇರೆಯಾಗಿ ಒತ್ತಬೇಕಾಗುವುದೇ ಇದಕ್ಕೆ ಕಾರಣ.

ಕೈಗೆ ನೋವು ಕೊಡದ ಕೀಲಿಮಣೆ ಯಾವುದು ಎಂದು ಹುಡುಕುವವರು ಸಾಮಾನ್ಯವಾಗಿ ಅಂಗಡಿಯಿಂದ ಶುರುಮಾಡುತ್ತಾರೆ. ಆ ವಿಷಯದಲ್ಲಿ ಸಿಗುವ ಸಲಹೆಯೆಲ್ಲ ಇಂಗ್ಲಿಷ್ ಟೈಪ್ ಮಾಡುವವರ ಬೆರಳನ್ನು ಲೆಕ್ಕಕ್ಕಿಟ್ಟುಕೊಂಡು ಬರೆದದ್ದು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆ ಹೋಬಳಿಯಲ್ಲಿ ಕೀಲಿಮಣೆಯ ಮುಂದೆ ದಿನವಿಡೀ ಕೂರುವ ಕೈಗಳು ಟೈಪ್ ಮಾಡುವುದು ಕನ್ನಡವನ್ನು. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರ, ಪಂಚಾಯಿತಿಯ ನಡಾವಳಿ, ಸಹಕಾರ ಸಂಘದ ಸಾಲದ ಪಟ್ಟಿ, ಪಹಣಿ ತಿದ್ದುಪಡಿ ಎಲ್ಲವೂ ಹತ್ತು ಬೆರಳುಗಳ ಮೂಲಕವೇ ಹಾದುಹೋಗಬೇಕು. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ ನಿಗದಿಯಾಗಿ ನಾಫೆಡ್ ಖರೀದಿಗೆ ಹೆಸರು ನೋಂದಾಯಿಸಿಕೊಂಡಾಗ ತಿಪಟೂರು ಸೀಮೆಯಲ್ಲಿ ರೈತರ ಸಾಲು ಎಷ್ಟು ಉದ್ದವಿತ್ತು ಎಂಬುದು ಎಲ್ಲರಿಗೂ ನೆನಪಿದೆ. ಕೌಂಟರಿನ ಒಳಗೆ ಕೂತವರ ಮಣಿಕಟ್ಟು ಆ ದಿನಗಳಲ್ಲಿ ಏನಾಗಿತ್ತೆಂದು ಕೇಳಿದವರು ಕಡಿಮೆ.

ಟೈಪ್ ಮಾಡುವಾಗ ಕೈ ನೋಯುವುದು ಏಕೆಂದು ಮೊದಲು ನೋಡೋಣ. ಬೆರಳನ್ನು ಮಡಚುವ ಮುಖ್ಯ ಸ್ನಾಯುಗಳು ಬೆರಳಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಹೊರಟ ಸ್ನಾಯುರಜ್ಜುಗಳು, ಅಂದರೆ ಸ್ನಾಯುವಿನ ತುದಿಯ ಗಟ್ಟಿ ಹುರಿಗಳು, ಮಣಿಕಟ್ಟಿನ ಒಳಬದಿಯ ಒಂದು ಕಿರಿದಾದ ಸುರಂಗದಲ್ಲಿ ನುಸುಳಿ ಬೆರಳು ಸೇರುತ್ತವೆ. ಸುರಂಗದ ತಳಕ್ಕೆ ಎಲುಬು, ಮೇಲೆ ಬಿಗಿಯಾದ ಪಟ್ಟಿ. ಒಳಗೆ ಒಂಬತ್ತು ಸ್ನಾಯುರಜ್ಜುಗಳು, ಅವುಗಳ ಜೊತೆಗೆ ಒಂದು ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಭಾಗದ ಸ್ಪರ್ಶಜ್ಞಾನ ಈ ನರದ್ದು. ಮಣಿಕಟ್ಟು ನೇರವಾಗಿದ್ದಾಗ ಒಳಗಿನ ಒತ್ತಡ ಕಡಿಮೆ. ಕೈ ಹಿಂದಕ್ಕೋ ಮುಂದಕ್ಕೋ ಬಾಗಿದಷ್ಟೂ ಸುರಂಗ ಇಕ್ಕಟ್ಟಾಗಿ ಒತ್ತಡ ಏರುತ್ತದೆ. ಕೀಲಿಮಣೆಯೊಂದರಿಂದಲೇ ಈ ನರ ಕೆಡುತ್ತದೆ ಎಂದು ವೈದ್ಯವಿಜ್ಞಾನ ಖಚಿತವಾಗಿ ಹೇಳುವುದಿಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ, ಗರ್ಭಾವಸ್ಥೆ, ಬಲ ಹಾಕಿ ಹಿಡಿದು ಮಾಡುವ ಕೆಲಸ ಇವೆಲ್ಲ ಸೇರಿರುತ್ತವೆ. ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ, ಕೈಯಿಂದ ಲೋಟ ಜಾರುತ್ತಿದ್ದರೆ ಕೀಲಿಮಣೆ ಬದಲಿಸುವ ಮೊದಲು ವೈದ್ಯರಿಗೆ ತೋರಿಸಬೇಕು. ಆದರೆ ಸಂಜೆಯ ಹೊತ್ತಿಗೆ ಮುಂಗೈ ಹಿಡಿದುಕೊಳ್ಳುವುದು, ಕಿರುಬೆರಳ ಬದಿ ಸೆಳೆಯುವುದು, ಭುಜ ಬಿಗಿಯುವುದು ಬಹುಮಟ್ಟಿಗೆ ಕೂರುವ ಬಗೆಗೂ ಯಂತ್ರದ ಆಕಾರಕ್ಕೂ ಸೇರಿದ್ದು.

ಆ ಆಕಾರ ಬಂದದ್ದು ಕಬ್ಬಿಣದ ಸನ್ನೆಗಳಿಂದ. ಅಮೆರಿಕದ ಮಿಲ್ವಾಕಿಯ ಕ್ರಿಸ್ಟೋಫರ್ ಲೇಥಮ್ ಶೋಲ್ಸ್ ಮತ್ತು ಸಂಗಡಿಗರು 1868ರಲ್ಲಿ ಟೈಪ್‌ರೈಟರಿಗೆ ಪೇಟೆಂಟ್ ಪಡೆದರು. 1874ರಲ್ಲಿ ರೆಮಿಂಗ್ಟನ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಪ್ರತಿ ಕೀಲಿಯ ಕೆಳಗೂ ಒಂದು ಸನ್ನೆ ಹಾಯಬೇಕಿದ್ದರಿಂದ ಒಂದು ಸಾಲಿನ ಕೀಲಿ ಇನ್ನೊಂದರ ನೇರಕ್ಕೆ ಬಾರದಂತೆ ಓರೆಯಾಗಿ ಜೋಡಿಸಿದರು. ಸನ್ನೆಗಳು ಹೋಗಿ ಕಾಲವಾಯಿತು, ಓರೆ ಸಾಲು ಮಾತ್ರ ಇವತ್ತಿನ ಲ್ಯಾಪ್‌ಟಾಪಿನಲ್ಲೂ ಉಳಿದಿದೆ. 1936ರಲ್ಲಿ ಆಗಸ್ಟ್ ಡ್ವೊರಾಕ್ ಹೆಚ್ಚು ಬಳಕೆಯ ಅಕ್ಷರಗಳನ್ನೆಲ್ಲ ಬೆರಳು ಸಹಜವಾಗಿ ಕೂರುವ ನಡುಸಾಲಿಗೆ ತಂದು ಹೊಸ ವಿನ್ಯಾಸಕ್ಕೆ ಪೇಟೆಂಟ್ ಪಡೆದರು. ಕಲಿತ ಕೈಗಳು ಹಳೆಯದನ್ನು ಬಿಡಲಿಲ್ಲ.

ಕನ್ನಡಕ್ಕೆ ಈ ವಿಷಯದಲ್ಲಿ ಒಂದು ಭಾಗ್ಯವಿದೆ. ಇಲ್ಲಿ ಬಳಕೆಯಲ್ಲಿರುವ ಎರಡು ಮುಖ್ಯ ವಿನ್ಯಾಸಗಳನ್ನೂ ಭಾರತೀಯ ವರ್ಣಮಾಲೆಯನ್ನು ಮುಂದಿಟ್ಟುಕೊಂಡು ಯೋಚಿಸಿದ್ದಾರೆ. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ತಂದ ಇನ್‌ಸ್ಕ್ರಿಪ್ಟ್‌ನಲ್ಲಿ ಸ್ವರಗಳು ಬಹುಮಟ್ಟಿಗೆ ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ಭಾರತದ ಲಿಪಿಗಳಲ್ಲಿ ವ್ಯಂಜನದ ಹಿಂದೆಯೇ ಸ್ವರಚಿಹ್ನೆ ಬರುವುದರಿಂದ ಕೈಗಳು ತಾವಾಗಿಯೇ ಸರದಿ ಹಿಡಿಯುತ್ತವೆ. ಎರಡನೆಯದು ನಾಡೋಜ ಕೆ.ಪಿ. ರಾವ್ ಅವರ ವಿನ್ಯಾಸ. ಕಿನ್ನಿಕಂಬಳದ ಈ ವಿದ್ವಾಂಸರು ‘ಸೇಡಿಯಾಪು’ ತಂತ್ರಾಂಶದಲ್ಲಿ ತೋರಿಸಿದ ದಾರಿಯನ್ನೇ ಮುಂದೆ ರಾಜ್ಯ ಸರ್ಕಾರ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಅದು ಹಳ್ಳಿಹಳ್ಳಿಗೆ ಮುಟ್ಟಿತು. ಇಂಗ್ಲಿಷ್ ‘ಕೆ’ ಇರುವಲ್ಲಿ ಕ, ಶಿಫ್ಟ್ ಸೇರಿಸಿದರೆ ಖ. ‘ಎಫ್’ ಇರುವಲ್ಲಿ ಒತ್ತಕ್ಷರ ಕೂಡಿಸುವ ಕೀಲಿ. ಆ ಜಾಗದ ಆಯ್ಕೆಯಲ್ಲಿ ದೊಡ್ಡ ಸೂಕ್ಷ್ಮವಿದೆ. ಒತ್ತಕ್ಷರವಿಲ್ಲದೆ ಕನ್ನಡದಲ್ಲಿ ಒಂದು ಸಾಲು ಸಾಗುವುದಿಲ್ಲ, ‘ಎಫ್’ ಎಡ ತೋರುಬೆರಳು ಅಲುಗಾಡದೆ ವಿಶ್ರಮಿಸುವ ಜಾಗ. ಹೆಚ್ಚಿನ ಕೆಲಸವನ್ನು ಬಲವಾದ ಬೆರಳಿಗೆ ವಹಿಸಿದ್ದಾರೆ.

ಎರಡರಲ್ಲಿ ಯಾವುದು ಹಿತ? ಉತ್ತರ ನೀವು ಟೈಪ್ ಮಾಡುವ ಮಾತುಗಳ ಮೇಲೆ ನಿಂತಿದೆ. ‘ಗ್ರಾಮ ಪಂಚಾಯಿತಿ’ ಎಂದು ಬರೆಯಲು ಇನ್‌ಸ್ಕ್ರಿಪ್ಟ್‌ನಲ್ಲಿ ಶಿಫ್ಟ್ ಬೇಡವೇ ಬೇಡ. ನುಡಿ ವಿನ್ಯಾಸದಲ್ಲಿ ಎರಡು ದೀರ್ಘಕ್ಕೂ ಒಂದು ಸೊನ್ನೆಗೂ ಸೇರಿ ಮೂರು ಸಲ ಶಿಫ್ಟ್ ಬೇಕು. ‘ತಾಲ್ಲೂಕು ಕಚೇರಿ’ಯದೂ ಅದೇ ಲೆಕ್ಕ. ಶಿಫ್ಟ್ ಒತ್ತುವುದು ಕಿರುಬೆರಳು, ಅಕ್ಷರದ ಕೀಲಿ ಒತ್ತುವವರೆಗೂ ಅದು ಚಾಚಿಕೊಂಡೇ ಇರಬೇಕು. ದಿನವಿಡೀ ಕಚೇರಿಯ ಕನ್ನಡ ಟೈಪ್ ಮಾಡುವವರ ಕಿರುಬೆರಳ ಬದಿ ಸೆಳೆಯುವುದಕ್ಕೆ ಇದೊಂದು ನೇರವಾದ ಕಾರಣ ಎಂದು ನನ್ನ ನಂಬಿಕೆ.

ತೋಟದ ಮಾತಿಗೆ ಬಂದರೆ ತಕ್ಕಡಿ ಮಗುಚುತ್ತದೆ. ಇನ್‌ಸ್ಕ್ರಿಪ್ಟ್ ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಚೌಕಟ್ಟು, ಆ ಚೌಕಟ್ಟು ದೇವನಾಗರಿಯದು. ಹಿಂದಿಯ ಬರಹದಲ್ಲಿ ಹ್ರಸ್ವ ಎ, ಒ ಬೇಕಾಗುವುದಿಲ್ಲ. ಹೀಗಾಗಿ ನಡುಸಾಲಿನ ಒಳ್ಳೆಯ ಜಾಗ ಏ, ಓಗಳಿಗೆ ಸಿಕ್ಕಿತು. ನಮ್ಮ ಎತ್ವ ಕೆಳಸಾಲಿನ ಎಡತುದಿಯ ‘ಜ಼ೆಡ್’ ಕೀಲಿಗೂ, ಒತ್ವ ಅಂಕಿಯ ಸಾಲಿನ ಆಚೆ ಎಡಮೂಲೆಗೂ ಹೋದವು. ತೆಂಗು, ಮಟ್ಟೆ, ಸೋಗೆ, ಕೊಬ್ಬರಿ ಎಲ್ಲಕ್ಕೂ ಈ ಮೂಲೆಗಳಲ್ಲಿ ಒಂದು ಬೇಕು. ‘ಗೊನೆ’ಗೆ ಎರಡೂ ಬೇಕು: ನಾಲ್ಕು ಕೀಲಿಯ ಮಾತಿನಲ್ಲಿ ಎಡ ಕಿರುಬೆರಳು ಒಮ್ಮೆ ಮೇಲಿನ ಮೂಲೆಗೆ, ಒಮ್ಮೆ ಕೆಳಗಿನ ಮೂಲೆಗೆ ಹೋಗಿ ಬರಬೇಕು. ಮನೆಗೆ, ಹೊಲಕ್ಕೆ, ಊರಿಗೆ ಎಂದು ಮಾತುಮಾತಿಗೂ ಎಕಾರದಲ್ಲಿ ಮುಗಿಯುವ ಭಾಷೆಗೆ ಇದು ಸಣ್ಣ ಅನ್ಯಾಯವಲ್ಲ. ನುಡಿಯಲ್ಲಿ ‘ಕೊಬ್ಬರಿ’ಯ ಏಳು ಕೀಲಿಗಳೂ ಕೈಯಳತೆಯಲ್ಲೇ ಇವೆ, ಶಿಫ್ಟ್ ಕೂಡ ಬೇಡ.

ಇಂಗ್ಲಿಷ್ ಟೈಪಿಂಗ್ ಈಗಾಗಲೇ ಬರುವವರು ನುಡಿ ವಿನ್ಯಾಸದಲ್ಲಿ ಮುಂದುವರಿಯಲಿ ಎನ್ನುತ್ತೇನೆ. ಬೆರಳಿಗೆ ದಾರಿ ಗೊತ್ತಿದೆ. ಹೊಸದಾಗಿ ಕಲಿಯುವವರು, ಅದರಲ್ಲೂ ಕಚೇರಿಯ ಬರಹವೇ ಹೆಚ್ಚಿರುವವರು, ಇನ್‌ಸ್ಕ್ರಿಪ್ಟ್ ಕಲಿತರೆ ಕೈ ಉಳಿಯುತ್ತದೆ. ವಿಂಡೋಸ್‌ನಲ್ಲಿ ಕನ್ನಡ ಕೀಲಿಮಣೆ ಸೇರಿಸಿಕೊಂಡರೆ ಸಿಗುವುದೂ ಅದೇ, ದುಡ್ಡು ಕೊಡಬೇಕಿಲ್ಲ. ಎರಡರಲ್ಲಿ ಯಾವುದಾದರೂ ಸರಿ, ಕೀಲಿ ನೋಡದೆ ಟೈಪ್ ಮಾಡುವಷ್ಟು ಕಲಿಯಬೇಕು. ಬಗ್ಗಿ ಕೀಲಿ ಹುಡುಕುವ ಕುತ್ತಿಗೆಗೆ ಯಾವ ದುಬಾರಿ ಯಂತ್ರವೂ ಪರಿಹಾರ ಕೊಡದು.

ಇನ್ನೊಂದು ಪುಕ್ಕಟೆ ಉಪಾಯ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬುದಿಲ್ಲ. ಆದ್ದರಿಂದ ಕ್ಯಾಪ್ಸ್ ಲಾಕ್ ಕೀಲಿ ನಮಗೆ ದಂಡ. ಅದು ಕೂತಿರುವುದು ಮಾತ್ರ ಎಡ ಕಿರುಬೆರಳ ಪಕ್ಕದಲ್ಲೇ, ಬಂಗಾರದಂಥ ಜಾಗದಲ್ಲಿ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಪವರ್‌ಟಾಯ್ಸ್ ತಂತ್ರಾಂಶದಲ್ಲಿ ಆ ಕೀಲಿಗೆ ಬೇರೆ ಕೆಲಸ ಹಚ್ಚಬಹುದು. ಇನ್‌ಸ್ಕ್ರಿಪ್ಟ್‌ನವರು ಎತ್ವವನ್ನು ಅಲ್ಲಿಗೆ ತರಲಿ, ನುಡಿಯವರು ಶಿಫ್ಟನ್ನು ತರಲಿ. ಶಿಫ್ಟ್ ಒತ್ತಿ ಹಿಡಿಯುವುದೇ ಕಷ್ಟವಾದವರಿಗೆ ವಿಂಡೋಸ್‌ನ ಸ್ಟಿಕಿ ಕೀಸ್ ಸೌಲಭ್ಯವಿದೆ. ಶಿಫ್ಟ್ ಒತ್ತಿ ಬಿಟ್ಟು, ಆಮೇಲೆ ಅಕ್ಷರ ಒತ್ತಿದರೆ ಸಾಕು.

ಇಷ್ಟಾದ ಮೇಲೆ ಮೇಜು. ಸರ್ಕಾರಿ ಕಚೇರಿಯ ಮೇಜುಗಳನ್ನು ಪೆನ್ನಿನಲ್ಲಿ ಬರೆಯುವವರಿಗೆಂದು ಮಾಡಿಸಿದ್ದು, ಕೀಲಿಮಣೆಗೆ ಅವು ಎತ್ತರ. ಮೊಣಕೈ ಮಟ್ಟದಲ್ಲಿ ಕೀಲಿಗಳಿರಬೇಕು. ನಮ್ಮ ಸೀಮೆಯಲ್ಲಿ ಕಾಯಿ ಸುಲಿಯುವವರು ಸಲಾಕೆಯನ್ನು ತಮ್ಮ ಎತ್ತರಕ್ಕೆ ತಕ್ಕಂತೆ ನೆಟ್ಟುಕೊಂಡು ಮಣಿಕಟ್ಟಿನ ಬದಲು ಮೈಭಾರದಿಂದ ಕೆಲಸ ತೆಗೆಯುತ್ತಾರೆ. ಟೈಪ್ ಮಾಡುವವರಿಗೂ ಆ ಹಕ್ಕು ಬೇಕು. ಮೇಜು ತಗ್ಗಿಸಲಾಗದಿದ್ದರೆ ಕುರ್ಚಿ ಏರಿಸಿ ಕಾಲ ಕೆಳಗೆ ಮಣೆ ಇಟ್ಟುಕೊಳ್ಳಬಹುದು. ಕೀಲಿಮಣೆಯ ಬೆನ್ನಿಗಿರುವ ಎರಡು ಪುಟ್ಟ ಕಾಲುಗಳನ್ನು ಮಡಚಿಡಬೇಕು. ಅವನ್ನು ಎತ್ತಿದರೆ ಅಕ್ಷರ ಚೆನ್ನಾಗಿ ಕಾಣುತ್ತದೆ, ಆದರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ.

ಈಗ ಅಂಗಡಿಗೆ ಹೋಗೋಣ. ಕಡಿಮೆ ಬೆಲೆಯ ಕೀಲಿಮಣೆಗಳಲ್ಲಿ ಪ್ರತಿ ಕೀಲಿಯ ಕೆಳಗೆ ರಬ್ಬರಿನ ಗುಬ್ಬಿಯಿರುತ್ತದೆ. ಅದು ಪೂರ್ತಿ ಕುಸಿದರೆ ಮಾತ್ರ ಅಕ್ಷರ ಮೂಡುತ್ತದೆ, ಹಳತಾದಂತೆ ಗಡುಸಾಗುತ್ತದೆ, ಬೆರಳು ತಳಕ್ಕೆ ಬಡಿಯುತ್ತದೆ. ಮೆಕ್ಯಾನಿಕಲ್ ಎಂದು ಮಾರುವವುಗಳಲ್ಲಿ ಪ್ರತಿ ಕೀಲಿಗೂ ಬೇರೆ ಸ್ಪ್ರಿಂಗ್. ಸಾಮಾನ್ಯವಾಗಿ ನಾಲ್ಕು ಮಿಲಿಮೀಟರ್ ಹಾದಿಯಲ್ಲಿ ಅರ್ಧ ಇಳಿದಾಗಲೇ ಅಕ್ಷರ ಬೀಳುತ್ತದೆ, ಮಿಕ್ಕರ್ಧ ಬೆರಳಿಗೆ ಉಳಿತಾಯ. ಬಿಲ್ಲಿಂಗ್ ಕೌಂಟರುಗಳಲ್ಲಿ ಟಕಟಕ ಸದ್ದು ಮಾಡುವ ಟಿವಿಎಸ್ ಗೋಲ್ಡ್ ಈ ಜಾತಿಯದು. ಕೊಳ್ಳುವಾಗ 45 ಗ್ರಾಂ ಆಸುಪಾಸಿನ ಹಗುರ ಸ್ವಿಚ್ ಕೇಳಿ. ಒಂದೇ ಕೋಣೆಯಲ್ಲಿ ನಾಲ್ಕು ಜನ ಕೂರುವುದಾದರೆ ಸದ್ದಿಲ್ಲದ್ದನ್ನೇ ಆರಿಸಿ.

ಎರಡು ಹೋಳಾದ ಕೀಲಿಮಣೆಗಳ ಮಾತು ಬೇರೆ. ನಮ್ಮ ತೋಳು ಭುಜದಗಲಕ್ಕೆ ಇಳಿಯುತ್ತದೆ, ಕೀಲಿಗಳೋ ನಡುವೆ ಗುಂಪಾಗಿವೆ. ಒಳಕ್ಕೆ ಬಂದ ಕೈ ಕಿರುಬೆರಳ ಕಡೆಗೆ ಮುರಿದು ಕೂರುತ್ತದೆ. ಅಂಗೈ ಪೂರ್ತಿ ನೆಲ ನೋಡುವಂತೆ ತಿರುಗಿದಾಗ ಮುಂಗೈಯ ಎರಡು ಎಲುಬುಗಳು ಒಂದರ ಮೇಲೊಂದು ಅಡ್ಡಬೀಳುತ್ತವೆ. ಹೋಳುಗಳನ್ನು ದೂರ ಸರಿಸಿ, ಹೆಬ್ಬೆರಳ ಬದಿಯನ್ನು ಚೂರು ಎತ್ತಿದರೆ ಎರಡೂ ತೊಂದರೆ ತಗ್ಗುತ್ತವೆ. ಬ್ರಿಟನ್ನಿನಲ್ಲಿ ಲಿಲಿಯನ್ ಮಾಲ್ಟ್ ಮತ್ತು ಸ್ಟೀಫನ್ ಹಾಬ್ಡೆ 1970ರ ದಶಕದಲ್ಲೇ ಇಂಥ ಮಾಲ್‌ಟ್ರಾನ್ ಕೀಲಿಮಣೆ ಮಾಡಿದ್ದರು. 1994ರಲ್ಲಿ ಮೈಕ್ರೋಸಾಫ್ಟ್‌ನ ನ್ಯಾಚುರಲ್ ಕೀಬೋರ್ಡ್ ಬಂದ ಮೇಲೆ ಜನಕ್ಕೆ ಪರಿಚಯವಾಯಿತು. ಇವುಗಳಲ್ಲಿ ಕೆಲವಕ್ಕೆ ಹೆಬ್ಬೆರಳಿಗೆಂದೇ ಕೀಲಿಗಳ ಗುಂಪು ಇರುತ್ತದೆ, ಯಾವ ಕೀಲಿಗೆ ಯಾವ ಕೆಲಸ ಎಂಬುದನ್ನು ನಾವೇ ಬರೆದುಕೊಳ್ಳಬಹುದು. ಕನ್ನಡದವರು ದುಡ್ಡು ಹಾಕುವುದಾದರೆ ಇದಕ್ಕೇ ಹಾಕಬೇಕು. ಸಾಮಾನ್ಯ ಕೀಲಿಮಣೆಯಲ್ಲಿ ಎರಡು ಗಟ್ಟಿ ಹೆಬ್ಬೆರಳುಗಳು ಬರೀ ಖಾಲಿ ಜಾಗ ಬಿಡುವ ಕೆಲಸ ಮಾಡಿಕೊಂಡಿವೆ. ಎತ್ವ, ಒತ್ವ, ಶಿಫ್ಟ್ ಮೂರನ್ನೂ ಅವುಗಳಿಗೆ ಕೊಟ್ಟರೆ ಕಿರುಬೆರಳ ಹೊರೆಯಲ್ಲಿ ದೊಡ್ಡ ಪಾಲು ಇಳಿಯುತ್ತದೆ. ಬೆಲೆ ಹಲವು ಸಲ ಹತ್ತು ಸಾವಿರ ದಾಟುತ್ತದೆ, ಮೊದಲ ವಾರಗಳಲ್ಲಿ ವೇಗವೂ ಕುಸಿಯುತ್ತದೆ. ಕೆಲಸದ ಒತ್ತಡ ಹೆಚ್ಚಿರುವ ಹಂಗಾಮಿನಲ್ಲಿ ಶುರುಮಾಡಬಾರದು.

ಪಹಣಿ ಕೆಲಸದವರಿಗೆ ಒಂದು ಮಾತು ಉಳಿದಿದೆ. ಸರ್ವೆ ನಂಬರು, ಹಿಸ್ಸಾ, ಎಕರೆ, ಗುಂಟೆ, ಆಧಾರ್ ಸಂಖ್ಯೆ ಎಂದು ಅವರ ದಿನದ ಅರ್ಧ ಅಂಕಿಗಳಲ್ಲೇ ಕಳೆಯುತ್ತದೆ. ಆದ್ದರಿಂದ ಅಂಕಿಯ ಭಾಗವಿಲ್ಲದ ಚಿಕ್ಕ ಕೀಲಿಮಣೆ ಅವರಿಗೆ ಸಾಲದು. ಅದೇ ಭಾಗ ಬಲಕ್ಕೆ ಅಂಟಿಕೊಂಡಿದ್ದರೆ ಮೌಸ್ ದೂರ ಹೋಗಿ ಬಲಭುಜ ದಿನವಿಡೀ ಹೊರಕ್ಕೆ ಚಾಚಿರಬೇಕಾಗುತ್ತದೆ. ಚಿಕ್ಕ ಕೀಲಿಮಣೆಯೊಂದನ್ನೂ ಯುಎಸ್‌ಬಿ ತಂತಿಯ ಬಿಡಿ ಅಂಕಿಮಣೆಯೊಂದನ್ನೂ ಬೇರೆಬೇರೆ ಕೊಂಡು, ಅಂಕಿಮಣೆಯನ್ನು ಎಡಗಡೆಗಿಟ್ಟು ಅಭ್ಯಾಸ ಮಾಡಿಕೊಳ್ಳಬಹುದು. ಎಡಗೈ ಸರ್ವೆ ನಂಬರು ಹೊಡೆಯುವಾಗ ಬಲಗೈ ಮೌಸ್ ಮೇಲೆಯೇ ಇರುತ್ತದೆ.