ಪರನಾಡಿನವನೂ ಬಾಡಿಗೆಯ ಮನೆಯೂ

ನಗರಗೆರೆಯ ನಮ್ಮ ಪರಿಚಿತ ಗೃಹಸ್ಥರೊಬ್ಬರು ಸಾಲ ಮಾಡಿ, ತಮ್ಮ ಮನೆಯ ಮೇಲೆ ಎರಡು ಬಾಡಿಗೆ ಮನೆಗಳನ್ನು ಕಟ್ಟಿಸಿದರು. ಮೊದಲನೆಯದಕ್ಕೆ ಹಿಂದೂಪುರದ ಕುಟುಂಬವೊಂದು ಬಂದು ನೆಲೆಸಿತು. ಎರಡನೆಯದನ್ನು ಕೇಳಿಕೊಂಡು ಕಾರ್ಖಾನೆಯಲ್ಲಿ ದುಡಿಯುವ ಒಡಿಶಾದ ಯುವಕನೊಬ್ಬ ಪತ್ನಿಯೊಡನೆ ಬಂದನು. ಗೃಹಸ್ಥರು ಚಿಂತೆಗೊಳಗಾದರು. “ಸ್ವಾಮಿ, ಹೊರರಾಜ್ಯದವರನ್ನು ನಂಬಬಹುದೇ?” ಎಂದು ನಮ್ಮನ್ನು ಕೇಳಿದರು. “ಹಿಂದೂಪುರದವರನ್ನು ಏನೇನು ವಿಚಾರಿಸಿದಿರಿ?” ಎಂದೆವು. “ಅವರನ್ನೇನು ವಿಚಾರಿಸುವುದು, ನಮ್ಮವರೇ ಅಲ್ಲವೇ?” ಎಂಬ ಉತ್ತರ ಬಂದಿತು.

ಹಿಂದೂಪುರವಿರುವುದು ಆಂಧ್ರಪ್ರದೇಶದಲ್ಲಿ, 2022ರಲ್ಲಿ ರಚನೆಯಾದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿ. ಗಡಿಯಂಚಿನ ನಮಗೆ ಅದು ವ್ಯಾಪಾರದ ಊರು, ನೆಂಟರ ಊರು. ಆದರೆ ಲೆಕ್ಕಕ್ಕೆ ಹಿಡಿದರೆ ಎರಡೂ ಕುಟುಂಬಗಳು ಹೊರರಾಜ್ಯದವೇ. ಒಬ್ಬರ ಪರಿಚಯ ನಮಗಿದೆ, ಇನ್ನೊಬ್ಬರದಿಲ್ಲ, ಭೇದವಿಷ್ಟೆ. ಪರಿಚಯವಿಲ್ಲದಿರುವುದು ಬಂದವನ ದೋಷವಲ್ಲ. ವಿಚಾರಿಸಿ ನೀಗಿಸಿಕೊಳ್ಳಬಹುದಾದ ನಮ್ಮ ಕೊರತೆ.

ವಿವೇಕ ಬೇರೆ, ಸಂಶಯ ಬೇರೆ. ವಿವೇಕವು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುತ್ತದೆ. ಸಂಶಯವು ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡಿರುತ್ತದೆ. 2012ರ ಆಗಸ್ಟ್‌ನಲ್ಲಿ ಕೇವಲ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನರು ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದ್ದನ್ನು ನಾವು ಮರೆಯಲಾಗದು. ನಮಗೆ ಅಪರಿಚಿತನ ಭಯವಿರುವಂತೆ ಅಪರಿಚಿತನಿಗೂ ನಮ್ಮ ಭಯವಿರುತ್ತದೆ.

ಹಾಗೆಂದು ಕಣ್ಣು ಮುಚ್ಚಿ ಬೀಗದ ಕೈ ಕೊಡಬೇಕೆಂದು ನಾವು ಹೇಳುತ್ತಿಲ್ಲ. ಬಂದವರ ಗುರುತಿನ ಚೀಟಿಯನ್ನು ನೋಡಬೇಕು. ಮೊದಲ 8 ಅಂಕಿಗಳನ್ನು ಮರೆಮಾಡಿದ ಆಧಾರ್ ಪ್ರತಿ ಸಾಕು. ಅದರ ಕ್ಯೂಆರ್ ಸಂಕೇತದಿಂದ ಸತ್ಯಾಸತ್ಯವನ್ನು ತಿಳಿಯಬಹುದು. ಕೆಲಸ ಕೊಟ್ಟವರಲ್ಲಿಯೂ ಹಿಂದಿನ ಮನೆಯ ಮಾಲೀಕರಲ್ಲಿಯೂ ವಿಚಾರಿಸಬೇಕು. ವಾಸಿಸುವವರೆಷ್ಟು ಮಂದಿ, ಸಂಬಳದಲ್ಲಿ ಬಾಡಿಗೆಗೆ ಅವಕಾಶವಿದೆಯೇ ಎಂಬುದನ್ನು ಕೇಳಬೇಕು. ಬಾಡಿಗೆದಾರರ ವಿವರವನ್ನು ಪೊಲೀಸ್ ಠಾಣೆಗೆ ತಿಳಿಸುವುದು ಕ್ಷೇಮ. ಮುಂಗಡ ಹಣಕ್ಕೆ ರಸೀದಿ, ವಿದ್ಯುತ್ ಮೀಟರಿನ ಅಂಕಿ, ಮನೆ ಬಿಡುವ ಮುನ್ಸೂಚನೆಯ ಅವಧಿ ಇವೆಲ್ಲವೂ ಬರಹದಲ್ಲಿರಲಿ. 1908ರ ನೋಂದಣಿ ಕಾಯಿದೆಯಂತೆ ಒಂದು ವರ್ಷಕ್ಕೆ ಮೀರಿದ ಗೇಣಿ ಕರಾರನ್ನು ನೋಂದಾಯಿಸಲೇಬೇಕು. ಅದರಿಂದಲೇ 11 ತಿಂಗಳ ಕರಾರಿನ ವಾಡಿಕೆ ಬೆಳೆದಿದೆ. ಕರಾರಿನ ಒಕ್ಕಣೆಯನ್ನು ಬಂದವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಹೇಳಿಸುವುದು ಮಾಲೀಕನ ಧರ್ಮ.

ಇವೆಲ್ಲಕ್ಕೂ ಒಂದು ನಿಬಂಧನೆಯಿದೆ. ಒಡಿಶಾದವನಿಗೆ ಕೇಳಿದ್ದನ್ನು ಹಿಂದೂಪುರದವನಿಗೂ, ನಮ್ಮೂರಿನವನಿಗೂ ಕೇಳಬೇಕು. ಒಬ್ಬನಿಗಷ್ಟೇ ಅನ್ವಯಿಸುವ ನಿಯಮವು ನಿಯಮವಲ್ಲ, ಅವಮಾನ. ಭಾರತದ ಯಾವ ಭಾಗದಲ್ಲಿಯಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಪ್ರತಿಯೊಬ್ಬ ಪೌರನಿಗೂ ಕೊಟ್ಟಿದೆ. ಆ ಹಕ್ಕಿನಿಂದ ಮಾಲೀಕನ ಆಯ್ಕೆಯ ಸ್ವಾತಂತ್ರ್ಯ ಕಳೆಯುವುದಿಲ್ಲ, ನಿಜ. ಆದರೆ ಎಲ್ಲರೂ ಬಾಗಿಲು ಮುಚ್ಚಿದರೆ ಆ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ.

ಗೃಹಸ್ಥರು ಯುವಕನ ಹಿಂದಿನ ಮನೆಯ ಮಾಲೀಕರಿಗೆ ದೂರವಾಣಿ ಮಾಡಿದರು. “ಬಾಡಿಗೆ ಒಂದು ದಿನವೂ ತಪ್ಪಿಸಿದವನಲ್ಲ” ಎಂಬ ಮಾತು ಕೇಳಿಬಂದಿತು. ಆಗ ಅವರಿಗೆ ಇನ್ನೊಂದು ಸಂಗತಿ ಹೊಳೆಯಿತು: ಹಿಂದೂಪುರದವರೊಡನೆ ಕರಾರನ್ನೇ ಬರೆಸಿರಲಿಲ್ಲ. ಕೊನೆಗೆ ಎರಡೂ ಕುಟುಂಬಗಳ ಕರಾರುಗಳನ್ನು ಒಂದೇ ದಿನ, ಒಂದೇ ಒಕ್ಕಣೆಯಲ್ಲಿ ಬರೆಸಿದರು.