ನಿಮಗಿದು ಗೊತ್ತೇ? ಶಕುನಿ ಕುಂಟನೇ ಅಲ್ಲ!

ಜಾತ್ರೆ ಸೀಸನ್ ಬಂತೆಂದರೆ ದಾವಣಗೆರೆ, ಹರಿಹರದ ಸುತ್ತಿನ ಹಳ್ಳಿಗಳಲ್ಲಿ ‘ರಕ್ತರಾತ್ರಿ’ ನಾಟಕದ ಹ್ಯಾಂಡ್‌ಬಿಲ್ ಯಾವುದಾದರೊಂದು ಗೋಡೆ ಮೇಲೆ ಇದ್ದೇ ಇರುತ್ತದೆ. ಅಂದು ರಾತ್ರಿ ಜನ ಮಂಡಕ್ಕಿ ತಿನ್ನುತ್ತಾ ಕಾಯುವುದು ಯಾರಿಗೆ? ಧರ್ಮರಾಯನಿಗಲ್ಲ, ಅರ್ಜುನನಿಗಲ್ಲ. ಶಕುನಿಗೆ! ಮೋಸಗಾರನಿಗೇ ಮೊದಲ ಶಿಳ್ಳೆ!

ಈ ನಾಟಕ ಬರೆದವರು ಕಂದಗಲ್ ಹನುಮಂತರಾಯರು. ಈಗಿನ ಬಾಗಲಕೋಟೆ ಜಿಲ್ಲೆಯವರು. ಜನ ಅವರನ್ನು ಕರೆದದ್ದು ಕನ್ನಡದ ಶೇಕ್ಸ್‌ಪಿಯರ್ ಎಂದು! ವಿಜಯಪುರದ ರಂಗಮಂದಿರಕ್ಕೆ ಅವರದೇ ಹೆಸರು.

ನಾಟಕದ ಹೆಸರಿನಲ್ಲಿರುವ ಆ ರಾತ್ರಿ ರಕ್ತ ಹರಿಸಿದವನು ಅಶ್ವತ್ಥಾಮ. ವ್ಯಾಸರ ಕಥೆಯಲ್ಲಿ ಅಷ್ಟು ಹೊತ್ತಿಗೆ ಶಕುನಿ ಸತ್ತೇ ಹೋಗಿರುತ್ತಾನೆ! ಯುದ್ಧದ 18ನೇ ದಿನ ಹಗಲಲ್ಲೇ ಸಹದೇವ ಅವನನ್ನು ಮುಗಿಸಿದ್ದ. ಅದಕ್ಕೂ ಸ್ವಲ್ಪ ಮೊದಲು ಶಕುನಿಯ ಮಗ ಉಲೂಕನೂ ಸಹದೇವನ ಕೈಯಲ್ಲೇ ಸತ್ತ.

ಶಕುನಿಯ ಪಗಡೆ ಅಪ್ಪನ ಮೂಳೆಯಿಂದ ಮಾಡಿದ್ದು ಅಂತೀರಾ? ಎಲ್ಲರೂ ಕೇಳಿದ ಕಥೆಯೇ. ಕೌರವರು ಶಕುನಿಯ ಅಪ್ಪ ಸುಬಲನನ್ನೂ ಅವನ ಮಕ್ಕಳನ್ನೂ ಸೆರೆಗೆ ಹಾಕಿದರಂತೆ. ದಿನಕ್ಕೆ ತಲೆಗೊಂದು ಅನ್ನದ ಅಗುಳು ಕೊಟ್ಟರಂತೆ. ಎಲ್ಲರೂ ತಮ್ಮ ಅಗುಳನ್ನು ಶಕುನಿಗೇ ಕೊಟ್ಟು ಸತ್ತರಂತೆ. ಸೇಡಿಗಾಗಿ ಅವನು ಕುರುವಂಶವನ್ನೇ ಮುಳುಗಿಸಿದನಂತೆ. ಕೇಳಿದರೆ ಕಣ್ಣು ತುಂಬುತ್ತದೆ. ಆದರೆ ವ್ಯಾಸರ ಮಹಾಭಾರತದಲ್ಲಿ ಇದರ ಸುಳಿವೇ ಇಲ್ಲ!

ಇನ್ನೂ ತಮಾಷೆ ನೋಡಿ. ಸೆರೆಯಲ್ಲಿ ಸತ್ತನೆನ್ನುವ ಆ ಸುಬಲ, ವ್ಯಾಸರಲ್ಲಿ ಧರ್ಮರಾಯನ ರಾಜಸೂಯಕ್ಕೆ ಮಗನೊಂದಿಗೆ ಬಂದ ಅತಿಥಿ!

ಶಕುನಿಯ ತಮ್ಮಂದಿರೂ ಹಸಿವಿನಿಂದ ಸಾಯಲಿಲ್ಲ. ಯುದ್ಧದ 8ನೇ ದಿನ ಅರ್ಜುನನ ಮಗ ಇರಾವಂತ ಅವರಲ್ಲಿ ಐವರನ್ನು ಕೊಂದ. 12ನೇ ದಿನ ಅಚಲ, ವೃಷಕ ಎಂಬ ಇಬ್ಬರನ್ನು ಅರ್ಜುನ ಉರುಳಿಸಿದ. ಅದೂ ಒಂದೇ ಬಾಣಕ್ಕೆ!

ಮೂಳೆಯ ಪಗಡೆಯ ಮಾತು ಬಂತಲ್ಲ, ಇದನ್ನೂ ಕೇಳಿಬಿಡಿ. ವೇದಕಾಲದವರು ಜೂಜಿಗೆ ಬಳಸುತ್ತಿದ್ದದ್ದು ತಾರೆಕಾಯಿ. ಹೌದು, ಹೊಟ್ಟೆ ಕೆಟ್ಟಾಗ ನುಂಗುವ ತ್ರಿಫಲದಲ್ಲಿರುವ ಅದೇ ತಾರೆಕಾಯಿ!

ಕುಂಟುವ ಕಾಲು? ಅದೂ ವ್ಯಾಸರದ್ದಲ್ಲ. ಸೇಡು ಮರೆಯದಿರಲೆಂದು ಅಪ್ಪನೇ ಕಾಲು ಮುರಿದ ಎನ್ನುವುದು ಜನರ ಬಾಯಲ್ಲಿ ಬೆಳೆದ ಕಥೆ. 1988ರಲ್ಲಿ ದೂರದರ್ಶನದಲ್ಲಿ ಶುರುವಾದ ‘ಮಹಾಭಾರತ’ದಲ್ಲಿ ಶಕುನಿಯಾಗಿ ಗೂಫಿ ಪೈಂಟಲ್ ಕುಂಟಿದ್ದೇ ಕುಂಟಿದ್ದು, ದೇಶಕ್ಕೆಲ್ಲ ಶಕುನಿ ಕುಂಟನಾದ! ಆ ಧಾರಾವಾಹಿಗೆ ನಟರನ್ನು ಆರಿಸುವ ಕೆಲಸದಲ್ಲೂ ಪೈಂಟಲ್ ಇದ್ದರು.

ಹಾಗಾದರೆ ಶಕುನಿ ಒಳ್ಳೆಯವನೇ? ಛೇ, ಅಲ್ಲವೇ ಅಲ್ಲ! ಎಲ್ಲ ಸೋತು ಕುಳಿತ ಧರ್ಮರಾಯನಿಗೆ ದ್ರೌಪದಿ ಇನ್ನೂ ಉಳಿದಿದ್ದಾಳೆ ಎಂದು ನೆನಪಿಸಿದವನು ಇವನೇ. ಕಡೆಯ ದಿನ ಕುದುರೆ ಪಡೆ ಕಟ್ಟಿಕೊಂಡು ಪಾಂಡವ ಸೇನೆಯ ಬೆನ್ನ ಹಿಂದಿನಿಂದ ನುಗ್ಗಿದವನೂ ಇವನೇ! ಅವನನ್ನು ದ್ವಾಪರನ ಅಂಶವೆಂದೇ ಆದಿಪರ್ವ ಹೇಳುತ್ತದೆ.

ಈಗ ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಇದೇ ಶಕುನಿ ಒಮ್ಮೆ ದುರ್ಯೋಧನನಿಗೆ, ಪಾಂಡವರ ರಾಜ್ಯ ಪಾಂಡವರಿಗೇ ಕೊಟ್ಟುಬಿಡು ಎಂದಿದ್ದ! ಗಂಧರ್ವರ ಕೈಗೆ ಸಿಕ್ಕ ದುರ್ಯೋಧನನನ್ನು ಪಾಂಡವರೇ ಬಿಡಿಸಿದ್ದರು. ಆ ನಾಚಿಕೆಗೆ ಅವನು ಅನ್ನ ಬಿಟ್ಟು ಸಾಯಲು ಕುಳಿತ. ಆಗ ಶಕುನಿ ಕೊಟ್ಟ ಬುದ್ಧಿ ಇದು. ಬೇಕಾದರೆ ವನಪರ್ವ ತೆಗೆದು ನೋಡಿ. ಈ ಶಕುನಿಯನ್ನು ಯಾವ ನಾಟಕದವರೂ ಯಾಕೆ ತೋರಿಸುವುದಿಲ್ಲವೋ!

ಕೇರಳದ ಕೊಲ್ಲಂ ಜಿಲ್ಲೆಯ ಪವಿತ್ರೇಶ್ವರಂನಲ್ಲಿ ಶಕುನಿಗೆ ಗುಡಿಯೇ ಇದೆ. ಅವನು ಅಲ್ಲಿ ಶಿವನನ್ನು ಕುರಿತು ತಪಸ್ಸು ಮಾಡಿ ಮೋಕ್ಷ ಪಡೆದನಂತೆ. ಖಳನಾಯಕ ದೇವರೇ ಆಗಿಬಿಟ್ಟ!

ಹರಿಹರದ ಖಳನಾಯಕನೂ ಕಡಿಮೆಯವನಲ್ಲ. ಹರಿಯಿಂದಲೂ ಹರನಿಂದಲೂ ಸಾವು ಬೇಡ ಎಂದು ಗುಹಾಸುರ ಬ್ರಹ್ಮನಿಂದ ವರ ಪಡೆದ. ದೇವರೇನು ಮಾಡಿದರು ಗೊತ್ತೇ? ಇಬ್ಬರೂ ಒಂದೇ ದೇಹವಾಗಿ ಬಂದರು! ಆ ಹರಿಹರೇಶ್ವರನಿಗೆ 1224ರಲ್ಲಿ ಗುಡಿ ಕಟ್ಟಿಸಿದವನು ಹೊಯ್ಸಳರ ದಂಡನಾಯಕ ಪೋಲಾಳ್ವ. ಇಷ್ಟಾದರೂ ಸ್ಥಳಪುರಾಣ ಈ ಸೀಮೆಯನ್ನು ಕರೆಯುವುದು ಗುಹಾರಣ್ಯ ಎಂದೇ. ಸೋತವನ ಹೆಸರು ಸೀಮೆಗೇ ಉಳಿಯಿತು!

ಮತ್ತೆ ನಾಟಕಕ್ಕೆ ಬರೋಣ. ದಾವಣಗೆರೆ ನಾಟಕ ಕಂಪನಿಗಳ ಊರು. ಪದ್ಮಶ್ರೀ ಪಡೆದ ರಂಗನಟಿ ಚಿಂದೋಡಿ ಲೀಲಾ ಇಲ್ಲಿಯವರೇ. ಅವರ ತಂದೆ ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿ ನಾಡೆಲ್ಲ ಸುತ್ತಿತು. ಇನ್ನು ಸಿನಿಮಾದಲ್ಲಿ? 2019ರ ‘ಕುರುಕ್ಷೇತ್ರ’ದಲ್ಲಿ ರವಿಶಂಕರ್ ಶಕುನಿ. ಆ ಚಿತ್ರದ ನಾಯಕ ಯಾರು ಗೊತ್ತಲ್ಲ? ದುರ್ಯೋಧನ!

ಈ ಸಲ ನಿಮ್ಮೂರ ಜಾತ್ರೆಯಲ್ಲಿ ‘ರಕ್ತರಾತ್ರಿ’ ಇದ್ದರೆ ಮುಂದಿನ ಸಾಲಲ್ಲೇ ಕೂತುಕೊಳ್ಳಿ. ಶಕುನಿ ಕುಂಟುತ್ತಾ ಬರುತ್ತಾನೋ ನೆಟ್ಟಗೆ ಬರುತ್ತಾನೋ ನೋಡಿ. ಕುಂಟುತ್ತಾ ಬಂದರೆ ಪಕ್ಕದವರಿಗೆ ಗುಟ್ಟು ಹೇಳಿಬಿಡಿ!